ಮೈನಸ್ ಬಂದ ನಕ್ಷತ್ರವನ್ನು ಅಳಿಸಬೇಡಿ

ತುಮಕೂರು, ಕೋಲಾರದ ಕಾಲೇಜುಗಳ ಎಂಎಸ್ಸಿ ಪ್ರಾಜೆಕ್ಟುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ನಕ್ಷತ್ರಗಳನ್ನು ಅಳೆದ ಗಯಾ ಬಾಹ್ಯಾಕಾಶ ದೂರದರ್ಶಕದ ದತ್ತಾಂಶ ಇಳಿಸಿಕೊಂಡ ಕೂಡಲೇ ಪ್ಯಾರಲ್ಯಾಕ್ಸ್ (ಭೂಮಿಯ ಸುತ್ತಾಟದಿಂದ ನಕ್ಷತ್ರ ಕದಲಿದಂತೆ ಕಾಣುವ ಕೋನ) ಮೈನಸ್ ಇರುವ ಸಾಲುಗಳನ್ನೆಲ್ಲ ತೆಗೆದುಹಾಕುತ್ತಾರೆ. ಉಳಿದ ಪ್ರತಿ ಸಾಲಿನಲ್ಲೂ 1 ಎಂಬ ಸಂಖ್ಯೆಯನ್ನು ಪ್ಯಾರಲ್ಯಾಕ್ಸಿನಿಂದ ಭಾಗಿಸಿ 'ದೂರ' ಎಂದು ಬರೆಯುತ್ತಾರೆ. ಆಮೇಲೆ ಆರು ತಿಂಗಳು ದುಡಿದದ್ದೆಲ್ಲ ಅದರ ಮೇಲೇ ನಿಂತಿರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ರಸ್ತೆಬದಿಯ ನೀಲಗಿರಿ ಮರ ಹಿಂದಕ್ಕೆ ಓಡುತ್ತದೆ, ನಂದಿಬೆಟ್ಟ ನಿಂತಲ್ಲೇ ನಿಂತಂತಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರಗಳೂ ಹೀಗೇ ಕದಲುತ್ತವೆ. ತೀರ ದೂರದ್ದರ ಕದಲಿಕೆ ಅಳತೆಯ ದೋಷಕ್ಕಿಂತ ಚಿಕ್ಕದು. ಹಾಗಾಗಿ ಉತ್ತರ ಸೊನ್ನೆಯ ಎರಡೂ ಬದಿಗೆ ಬೀಳುತ್ತದೆ. ಮೈನಸ್ 0.03 ಮಿಲಿ ಆರ್ಕ್‌ಸೆಕೆಂಡ್, ದೋಷ 0.05 (ಮಿಲಿ ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 36 ಲಕ್ಷದಲ್ಲೊಂದು ಭಾಗ) ಎಂದಿದ್ದರೆ ಅದು ಕೆಟ್ಟ ಅಳತೆಯಲ್ಲ, ಬಹುಮಟ್ಟಿಗೆ ದೂರದ ನಕ್ಷತ್ರ. ಅದನ್ನು ಅಳಿಸಿದರೆ, ಅಷ್ಟೇ ದೂರದಲ್ಲಿದ್ದು ದೋಷದಿಂದ ಪ್ಲಸ್ ಕಡೆಗೆ ಜಾರಿದವು ಮಾತ್ರ ಉಳಿಯುತ್ತವೆ. ಇಡೀ ಪಟ್ಟಿ ಹತ್ತಿರಕ್ಕೆ ವಾಲುತ್ತದೆ.

ಭಾಗಾಕಾರವೂ ಕೈಕೊಡುತ್ತದೆ. ಪ್ಯಾರಲ್ಯಾಕ್ಸ್ 0.10, ದೋಷ 0.05 ಇದ್ದರೆ ದೂರ 10,000 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ). 0.15 ಹಿಡಿದರೆ ಸುಮಾರು 6,700, 0.05 ಹಿಡಿದರೆ 20,000. ನಕ್ಷತ್ರ ವರ್ಷಕ್ಕೆ 5 ಮಿಲಿ ಆರ್ಕ್‌ಸೆಕೆಂಡ್ ಸರಿಯುತ್ತಿದ್ದರೆ ಅದರ ಅಡ್ಡವೇಗ 10,000 ಪಾರ್ಸೆಕ್ಕಿಗೆ ಸೆಕೆಂಡಿಗೆ 237 ಕಿ.ಮೀ., 20,000ಕ್ಕೆ 474. ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ನಮ್ಮ ಆಕಾಶಗಂಗೆ ನುಂಗಿದ ಗಯಾ-ಎನ್ಸೆಲಾಡಸ್ ಗ್ಯಾಲಕ್ಸಿಯನ್ನು 2018ರಲ್ಲಿ ಗುರುತಿಸಿದ್ದು ಇಂಥ ವೇಗಗಳಿಂದಲೇ. ದೂರ ಕೆಟ್ಟರೆ ನಮ್ಮದೇ ನಕ್ಷತ್ರ ಪರಕೀಯರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಗಯಾದ ಮೂರನೇ ದತ್ತಾಂಶ ಬಿಡುಗಡೆಯ ಪ್ಯಾರಲ್ಯಾಕ್ಸಿನಲ್ಲಿ ಸೊನ್ನೆಯೇ ಸುಮಾರು ಮೈನಸ್ 0.017ರಷ್ಟು ಸರಿದಿದೆ, ಪ್ಯಾರಲ್ಯಾಕ್ಸ್ ಸೊನ್ನೆಯೇ ಇರಬೇಕಾದಷ್ಟು ದೂರದ ಗ್ಯಾಲಕ್ಸಿಗಳ ಹೊಳೆಯುವ ಕೇಂದ್ರಗಳಾದ ಕ್ವೇಸಾರ್‌ಗಳಿಂದ ಇದು ಗೊತ್ತಾಯಿತು. ಮೈನಸ್ಸನ್ನು ಕಳೆಯುವುದೆಂದರೆ ಕೂಡುವುದು: 0.100 ಇದ್ದದ್ದು 0.117 ಆಗಬೇಕು, 0.083 ಅಲ್ಲ. ಆದರೆ ಈ ತಿದ್ದುಪಡಿ ಹೊಳಪು, ಬಣ್ಣ, ಆಕಾಶದ ಜಾಗ ನೋಡಿ ಬದಲಾಗುತ್ತದೆ. ಸರಾಸರಿಯನ್ನೇ ಎಲ್ಲಕ್ಕೂ ಹಚ್ಚಬೇಡಿ. ರೂವೆ (RUWE, ಅಳತೆ ಒಂಟಿ ನಕ್ಷತ್ರದ ಮಾದರಿಗೆ ಎಷ್ಟು ಹೊಂದುತ್ತದೆ ಎಂಬ ಅಂಕ) ಅಂಕಣದಲ್ಲಿ 1.4 ದಾಟಿದವು ಜೋಡಿನಕ್ಷತ್ರ ಇರಬಹುದು, ಬೇರೆ ಇಡಿ.

ಬಿಡಿ ನಕ್ಷತ್ರಗಳಿಗೆ ಬೈಲರ್-ಜೋನ್ಸ್ ತಂಡದ 2021ರ ದೂರಪಟ್ಟಿಯನ್ನು ಕೆಳಮಿತಿ, ಮೇಲ್ಮಿತಿ ಸಮೇತ ಬಳಸಿ. ತೀರ ದೂರದವುಗಳಲ್ಲಿ ಆ ಉತ್ತರ ಅಳತೆಗಿಂತ ಗ್ಯಾಲಕ್ಸಿಯ ಮಾದರಿಯನ್ನೇ ಹೆಚ್ಚು ನೆಚ್ಚಿರುತ್ತದೆ ಎಂಬುದು ನೆನಪಿರಲಿ. ನಕ್ಷತ್ರಗುಚ್ಛವಾದರೆ ಮೈನಸ್ ಬಂದವನ್ನೂ ಸೇರಿಸಿ ಮೊದಲು ಪ್ಯಾರಲ್ಯಾಕ್ಸ್‌ಗಳ ಸರಾಸರಿ ತೆಗೆಯಿರಿ, ಭಾಗಾಕಾರ ಕೊನೆಗೆ. ಸಾವಿರ ನಕ್ಷತ್ರ ಸೇರಿಸಿದರೂ ದೋಷ ಸುಮಾರು 0.01ಕ್ಕಿಂತ ಕೆಳಗಿಳಿಯದು, ಏಕೆಂದರೆ ಅಕ್ಕಪಕ್ಕದ ನಕ್ಷತ್ರಗಳ ದೋಷಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.