ಫಾಲ್ ನೆನೆಸುವವರು ಕೌದಿ ಬಟ್ಟೆ ಯಾಕೆ ನೆನೆಸಲ್ಲ?

ಸೀರೆಗೆ ಫಾಲ್ ಹಚ್ಚುವ ಮೊದಲು ಅದನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡ್ತೀವಿ, ಅಲ್ವಾ? ಬ್ಲೌಸ್ ಲೈನಿಂಗ್‌ಗೂ ಅದೇ. ಹಾಗೇ ಹಚ್ಚಿದರೆ ಮೊದಲ ಸಲ ಒಗೆದಾಗಲೇ ಫಾಲ್ ಕುಗ್ಗಿ ಸೀರೆ ಅಂಚು ಸುಕ್ಕುಗಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದೇ ಮನೆಯವರು ಕೌದಿ, ಅಂದರೆ ತುಂಡು ಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆ, ಹೊಲಿಸಲು ಬಟ್ಟೆ ಹಿಡಿದು ಅಂಗಡಿಯಿಂದ ನೇರ ನನ್ನ ಹತ್ತಿರ ಬರುತ್ತಾರೆ. ಒಗೆದು ತನ್ನಿ ಅಂದರೆ, "ಅಕ್ಕಾರ, ಹೊಸಾ ಬಟ್ಟಿ ಐತ್ರೀ, ಯಾಕ ಒಗೀಬೇಕು?" ಅನ್ನುತ್ತಾರೆ.

ಅವರ ತಪ್ಪಲ್ಲ. ಕೌದಿ ಅಂದರೆ ನಮ್ಮ ಕಡೆ ಹಳೇ ಬಟ್ಟೆಯ ಕೆಲಸ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಹರಿದ ಲಂಗ. ವರ್ಷಗಟ್ಟಲೆ ಕಲ್ಲಿಗೆ ಬಡಿದು ಒಗೆದ ಬಟ್ಟೆ ಅದು, ಕುಗ್ಗುವಷ್ಟು ಕುಗ್ಗಿ, ಬಿಡುವ ಬಣ್ಣವನ್ನೆಲ್ಲ ಬಿಟ್ಟು ಮುಗಿಸಿರುತ್ತಿತ್ತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಕೌದಿಗಳೂ ಹಳೇ ಬಟ್ಟೆಯವೇ. ಒಗೆಯಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಅಲ್ಲಿ ಇರಲಿಲ್ಲ. ಅದು ಬಂದಿದ್ದು ಹೊಸ ಬಟ್ಟೆ ಕೊಂಡು ಚೌಕ ಚೌಕ ಕತ್ತರಿಸಿ ಹೊಲಿಯುವುದು ಶುರುವಾದ ಮೇಲೆ.

ಹೊಸ ಹತ್ತಿ ಬಟ್ಟೆ ಯಾಕೆ ಕುಗ್ಗುತ್ತದೆ? ಮಗ್ಗದ ಮೇಲೆ ಹಾಸಿನ ದಾರವನ್ನು, ಅಂದರೆ ಉದ್ದಕ್ಕೆ ಹೋಗುವ ದಾರವನ್ನು, ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ, ತುಂಡಾಗದಿರಲಿ ಅಂತ ಗಂಜಿಯನ್ನೂ ಹಾಕಿರುತ್ತಾರೆ. ಆಮೇಲೆ ಬಣ್ಣ, ಇಸ್ತ್ರಿ ಅಂತ ಇನ್ನಷ್ಟು ಎಳೆದಾಟ. ನೀರು ತಾಗಿದಾಗ ದಾರ ಉಬ್ಬುತ್ತದೆ. ಉಬ್ಬಿದ ದಾರವನ್ನು ಸುತ್ತಿ ಹೋಗಲು ಅದನ್ನು ದಾಟುವ ದಾರಕ್ಕೆ ಜಾಸ್ತಿ ಉದ್ದ ಬೇಕು, ಆ ಉದ್ದ ಬಟ್ಟೆಯಿಂದಲೇ ಹೋಗುತ್ತದೆ. ಬಿಗಿ ಇದ್ದದ್ದು ಹಾಸಿನ ಕಡೆಗೆ, ಹಾಗಾಗಿ ಪನ್ನಕ್ಕಿಂತ (ಅಗಲಕ್ಕಿಂತ) ಉದ್ದದಲ್ಲೇ ಸಾಮಾನ್ಯವಾಗಿ ಹೆಚ್ಚು ಕುಗ್ಗುತ್ತದೆ. ನೀವು 10 ಇಂಚಿನ ಚೌಕ ಕತ್ತರಿಸಿದ್ದೀರಿ ಅಂತಿಟ್ಟುಕೊಳ್ಳಿ. ಉದ್ದದಲ್ಲಿ ಶೇ. 5 ಕುಗ್ಗಿದರೆ ಅರ್ಧ ಇಂಚು ಹೋಯಿತು, ಈಗ ಅದು ಚೌಕವೇ ಅಲ್ಲ. ಪಕ್ಕದ ತುಂಡನ್ನು ಅಡ್ಡ ತಿರುಗಿಸಿ ಕೂಡಿಸಿದ್ದರೆ ಒಂದು ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ. 90 ಇಂಚಿನ ಡಬಲ್ ಕೌದಿಯಲ್ಲಿ ಇದೇ ಲೆಕ್ಕ ನಾಲ್ಕೂವರೆ ಇಂಚು. ಹಾಸಿಗೆಯ ಪಕ್ಕಕ್ಕೆ ಇಳಿಬೀಳಬೇಕಾದ ಅಂಚು ಮಂಚದ ಮೇಲೇ ಕೂತಿರುತ್ತದೆ.

ಎಲ್ಲಾ ಬಟ್ಟೆ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ತೊಂದರೆ ಕಡಿಮೆ. ದೊಡ್ಡ ಗೋಳು ಇರುವುದು ಬೆರಕೆಯಲ್ಲಿ. ಮಿಲ್ ಪಾಪ್ಲಿನ್, ಖಾದಿ, ಬಿಳುಪು ಮಾಡದ ಕೋರಾ ಬಟ್ಟೆ, ಕಲಂಕಾರಿ, ಜೊತೆಗೆ ಮನೆಯಲ್ಲಿದ್ದ ಹಳೇ ಸೀರೆ, ಇಷ್ಟೂ ಒಂದೇ ಕೌದಿಯಲ್ಲಿ. ಸೀರೆ ಇನ್ನು ಕುಗ್ಗಲ್ಲ, ಕೋರಾ ಚೆನ್ನಾಗಿ ಕುಗ್ಗುತ್ತದೆ, ಮಿಲ್ಲಿನಲ್ಲೇ ಸ್ಯಾನ್ಫರೈಸ್ ಆಗಿ, ಅಂದರೆ ಮೊದಲೇ ಕುಗ್ಗಿಸಿ ಬಂದದ್ದು ಹೆಚ್ಚುಕಡಿಮೆ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೇ ನನ್ನ ಹತ್ತಿರ ಒಂದೇ ನಿಯಮ: ಒಗೆದರೆ ಎಲ್ಲವನ್ನೂ ಒಗೆಯಿರಿ, ಇಲ್ಲಾಂದ್ರೆ ಯಾವುದನ್ನೂ ಬೇಡ. ಹಳೇ ಸೀರೆ ಒಂದು ಸೇರಿತು ಅಂದರೆ ಎಲ್ಲವನ್ನೂ ಒಗೆಯಲೇಬೇಕು, ಯಾಕಂದ್ರೆ ಅದನ್ನು ಒಗೆಯದ ಸ್ಥಿತಿಗೆ ವಾಪಸ್ ತರಲು ಆಗಲ್ಲ.

ಇನ್ನು ಬಣ್ಣ. ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಕೂಸಿನ ಕೌದಿಗೆ ಬಿಳಿ ಮತ್ತು ಕುಂಕುಮ ಕೆಂಪು ಬಟ್ಟೆ ಹಾಕಿ, ಸಣ್ಣ ಓಡುಹೊಲಿಗೆಯಲ್ಲಿ ಇಪ್ಪತ್ತು ದಿನ ಕೂತು ಹೊಲಿದಿದ್ದೆ. ಅಂಗಡಿಯವರು "ಪಕ್ಕಾ ಕಲರ್" ಅಂದಿದ್ದರು, ನಾನೂ ನಂಬಿದೆ. ಒಂದೇ ಒಗೆತಕ್ಕೆ ಬಿಳಿಯೆಲ್ಲಾ ಬೀಟ್‌ರೂಟ್ ಪಲ್ಯದ ತಟ್ಟೆ ತೊಳೆದ ನೀರಿನ ಹಾಗಾಯಿತು. ದುಡ್ಡು ವಾಪಸ್ ಕೊಟ್ಟೆ, ಆ ಕೌದಿ ಈಗಲೂ ನನ್ನ ಹೊಲಿಗೆ ಮಷೀನಿನ ಮೇಲಿನ ಹೊದಿಕೆ.

ಈಗ ಕೆಂಪು, ಮರೂನ್, ಕಡುನೀಲಿ, ಕಪ್ಪು ಬಂದರೆ ಮೊದಲು ಮೂಲೆಯಿಂದ ಎರಡಿಂಚು ತುಂಡು ಕತ್ತರಿಸುತ್ತೇನೆ. ಬಿಸಿನೀರಿಗೆ ಒಂದು ಹನಿ ಸೋಪು ಹಾಕಿ ಬಿಳಿ ಬಟ್ಟಲಲ್ಲಿ ಅರ್ಧ ಗಂಟೆ ನೆನೆಸುತ್ತೇನೆ, ಸ್ಟೀಲ್ ಬಟ್ಟಲಲ್ಲಿ ನೀರಿನ ಬಣ್ಣ ಕಾಣಲ್ಲ. ಆಮೇಲೆ ಒದ್ದೆ ತುಂಡನ್ನು ಬಿಳಿ ಪಂಚೆಯ ಚೂರಿನ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತುತ್ತೇನೆ. ಪಂಚೆಗೆ ಕಲೆ ಹತ್ತಿತೋ, ಆ ಬಟ್ಟೆಯನ್ನು ಬೇರೆಯಾಗಿ, ನೀರು ತಿಳಿಯಾಗುವ ತನಕ ಒಗೆಯಬೇಕು. ನಾಲ್ಕು ಸಲ ಒಗೆದರೂ ಬಿಡುತ್ತಲೇ ಇದ್ದರೆ ಅದನ್ನು ಕೌದಿಗೆ ಹಾಕಲೇಬೇಡಿ, ದಿಂಬಿನ ಚೀಲ ಹೊಲಿದುಕೊಳ್ಳಿ. ನೀಲಿಯಲ್ಲಿ (ಇಂಡಿಗೊ ಬಣ್ಣದಲ್ಲಿ) ಅದ್ದಿದ ಬಟ್ಟೆಯ ಕಥೆ ಸ್ವಲ್ಪ ಬೇರೆ, ಅದರಲ್ಲಿ ನೂಲಿನ ಮೇಲೆ ಸಡಿಲವಾಗಿ ಕೂತ ಬಣ್ಣ ಒಣಗಿದ್ದಾಗಲೂ ಕೈಗೆ ಹತ್ತುತ್ತದೆ. ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದರೆ ಗೊತ್ತಾಗುತ್ತದೆ.

ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲಾ ಅಮ್ಮಂದಿರೂ ಹೇಳುತ್ತಾರೆ. ನನ್ನ ಅಮ್ಮನೂ ಹೇಳ್ತಿದ್ದಳು, ಆಕೆಯ ಜೊತೆ ವಾದ ಮಾಡಿ ಗೆದ್ದವರಿಲ್ಲ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ಕೆಲಸ ಇದೆ, ಅದು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ಆದರೆ ಅಂಗಡಿಗೆ ಬಂದ ಮೇಲೆ ಬಟ್ಟೆಯಲ್ಲಿ ಉಳಿದ ಹೆಚ್ಚುವರಿ ಬಣ್ಣವನ್ನು ಉಪ್ಪು ಕಟ್ಟಿ ಹಾಕಲ್ಲ. ಅದು ಹೊರಗೆ ಹೋಗಲೇಬೇಕು. ವಿನೆಗರ್ ಕೂಡ ಹತ್ತಿಗೆ ಉಪಯೋಗವಿಲ್ಲ.

ಹಾಗಂತ ಯಾವಾಗಲೂ ಒಗೆಯಬೇಕು ಅಂತಲ್ಲ. ಎರಡೂವರೆ ಇಂಚಿನ ಪಟ್ಟಿ, 5 ಇಂಚಿನ ಚೌಕ ಅಂತ ಮೊದಲೇ ಕತ್ತರಿಸಿ ಬರುವ ಕಟ್ಟುಗಳನ್ನು ಒಗೆದರೆ ಅಂಚು ನೂಲು ನೂಲಾಗಿ, ಕಾಲು ಇಂಚಿನ ಹೊಲಿಗೆಗೆ ಜಾಗವೇ ಉಳಿಯಲ್ಲ. ಗೋಡೆಗೆ ನೇತುಹಾಕುವ ಕೌದಿಯನ್ನು ಯಾರೂ ಒಗೆಯಲ್ಲ, ಬಿಡಿ. ಮೇಲಿನ ಮತ್ತು ಕೆಳಗಿನ ಬಟ್ಟೆಯ ನಡುವೆ ಹತ್ತಿಯ ಪದರ ಹಾಕಿ, ಎಲ್ಲಾ ಹೊಸ ಬಟ್ಟೆಯಲ್ಲೇ ಹೊಲಿದು ಮುಗಿಸಿ ಆಮೇಲೆ ಒಗೆದರೆ ಮೂರೂ ಪದರ ಒಟ್ಟಿಗೆ ಕುಗ್ಗಿ, ಹೊಲಿಗೆಯ ನಡುವೆ ಸಣ್ಣ ಸುಕ್ಕು ಎದ್ದು, ಹಳೇ ಕೌದಿಯ ಮೆತ್ತನೆ ನೋಟ ಬರುತ್ತದೆ. ಅದು ಬೇಕು ಅನ್ನುವವರು ಬೇಕಂತಲೇ ಒಗೆಯದೆ ಹೊಲಿಯುತ್ತಾರೆ. ನನಗೂ ಇಷ್ಟವೇ, ಆದರೆ ಬಣ್ಣದ ಪರೀಕ್ಷೆ ಮಾತ್ರ ತಪ್ಪಿಸಲ್ಲ. ಕೂಸಿನ ಕೌದಿಗಾದರೆ ಹೊಲಿಯುವ ಮುಂಚೆ, ಹೊಲಿದ ಮೇಲೆ, ಎರಡೂ ಸಲ ಒಗೆಯುತ್ತೇನೆ. ಹೊಸ ಬಟ್ಟೆಯ ಗಂಜಿ, ಮೆರುಗು ಎಳೆ ಚರ್ಮಕ್ಕೆ ತಾಗುವುದು ಬೇಡ.

ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ತಂದುಕೊಟ್ಟರೆ ಮಾತ್ರ ನಾನು ಸ್ವಲ್ಪ ಹಿಂದೆ ಮುಂದೆ ನೋಡುತ್ತೇನೆ. ಅದರಲ್ಲಿ ಹತ್ತಿಯ ಜೊತೆ ರೇಷ್ಮೆಯೋ ಆರ್ಟ್ ಸಿಲ್ಕೋ (ಕೃತಕ ರೇಷ್ಮೆ) ಇರುತ್ತದೆ, ಒಂದೇ ಬಟ್ಟೆಯ ಎರಡು ನೂಲು ಎರಡು ರೀತಿ ನಡೆದುಕೊಳ್ಳುತ್ತವೆ. ಬಿಸಿನೀರು ತಾಗಿಸದೆ ಒಂದು ತುಂಡನ್ನು ತಣ್ಣೀರಲ್ಲಿ ಅದ್ದಿ ನೋಡಿಯೇ ಮುಂದಿನ ಮಾತು.

ಒಗೆಯುವಾಗ ಒಂದು ಚಿಕ್ಕ ಉಪಾಯ. ಬಟ್ಟೆಯ ನಾಲ್ಕೂ ಮೂಲೆಯನ್ನು ಕತ್ತರಿಯಲ್ಲಿ ಓರೆಯಾಗಿ ಚಿವುಟಿ, ನೂಲು ಎದ್ದು ಗಂಟಾಗುವುದು ಕಡಿಮೆ. ಸ್ವಲ್ಪ ಹಸಿ ಇರುವಾಗಲೇ ತೆಗೆದು ಇಸ್ತ್ರಿ ಮಾಡಿ. ಒಗೆದ ಬಟ್ಟೆ ತೀರಾ ಮೆತ್ತಗಾಗಿ ಕತ್ತರಿಗೆ ಸಿಗಲ್ಲ ಅಂತ ದೂರುವವರಿಗೆ ತೆಳು ಗಂಜಿ ಇದ್ದೇ ಇದೆ.

ಹೊಲಿದಾಗಿದೆ, ಒಗೆದೂ ಆಗಿದೆ, ಬಣ್ಣ ಬಿಳಿಗೆ ಹತ್ತಿಬಿಟ್ಟಿದೆ ಅನ್ನುವವರು ಕೌದಿಯನ್ನು ಒಣಗಲು ಬಿಡಬೇಡಿ. ಒಳಗೆ ರೇಷ್ಮೆ ಇಲ್ಲ ಅಂದರೆ ದೊಡ್ಡ ಟಬ್ಬಿನಲ್ಲಿ ತುಂಬಾ ನೀರು, ಕೈ ತಡೆಯುವಷ್ಟು ಬಿಸಿ, ಸ್ವಲ್ಪ ಲಿಕ್ವಿಡ್ ಸೋಪು. ಪೂರ್ತಿ ಮುಳುಗಿಸಿ ಇಡೀ ರಾತ್ರಿ ಬಿಡಿ, ಬೆಳಿಗ್ಗೆ ನೀರು ಕೆಂಪಾಗಿದ್ದರೆ ಚೆಲ್ಲಿ ಮತ್ತೆ ಅದನ್ನೇ ಮಾಡಿ. ನನಗೆ ಈ ಉಪಾಯ ಗೊತ್ತಾಗುವ ಹೊತ್ತಿಗೆ ಆ ಕೆಂಪು ಕೌದಿ ಬಿಸಿಲಲ್ಲಿ ಒಣಗಿ ಗರಿಗರಿಯಾಗಿತ್ತು.