ಹೂಬರ್ ಮನೆತನ ಹೂವರ್ ಆಗಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಮನೆತನ ಜರ್ಮನ್ ಮೂಲದ್ದು, ಹಳೇ ಹೆಸರು ಹೂಬರ್ ಅಂತಾರೆ. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲ್ಯಾಂಡ್ ಕೇಂದ್ರದ ಗುಮಾಸ್ತರು ತಪ್ಪಾಗಿ ಬರೆದು ಹೂವರ್ ಮಾಡಿದರಂತೆ, ಹೌದಾ?

ಮೊದಲರ್ಧ ಸರಿ. ಎರಡನೇ ಅರ್ಧಕ್ಕೆ ಉತ್ತರ ಬರೆದು ಬರೆದು ನನಗಂತೂ ಸಾಕಾಗಿದೆ. ಮುಲ್ಲರ್ ಮಿಲ್ಲರ್ ಆಗಲಿ, ಶ್ಮಿಟ್ ಸ್ಮಿತ್ ಆಗಲಿ, ಎಲ್ಲದಕ್ಕೂ ಆ ಬಡಪಾಯಿ ಗುಮಾಸ್ತನನ್ನೇ ಹಿಡಿದು ತರುತ್ತಾರೆ.

ಸ್ವಲ್ಪ ಇಸವಿ ನೋಡಿ. ಈ ಮನೆತನದ ಆಂಡ್ರಿಯಾಸ್ ಹೂಬರ್ ಜರ್ಮನಿಯ ಪಾಲಟಿನೇಟ್ ಸೀಮೆಯಿಂದ ಪೆನ್ಸಿಲ್ವೇನಿಯಾಗೆ ಬಂದಿದ್ದು 1738ರಲ್ಲಿ. ಎಲ್ಲಿಸ್ ಐಲ್ಯಾಂಡ್ ಶುರುವಾಗಿದ್ದು 1892ರಲ್ಲಿ. ಅಷ್ಟೊತ್ತಿಗೆ ಹರ್ಬರ್ಟ್ ಹೂವರ್ ಅವರೇ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದರು!

ಹೋಗಲಿ, 1892ರ ನಂತರ ಬಂದವರ ಹೆಸರನ್ನಾದರೂ ಅಲ್ಲಿ ಬದಲಿಸಿದರಾ? ಅದೂ ಇಲ್ಲ. ಅಲ್ಲಿನ ಇನ್ಸ್‌ಪೆಕ್ಟರ್ ಹೆಸರು ಕೇಳಿ ಹೊಸದಾಗಿ ಬರೆದುಕೊಳ್ಳುತ್ತಲೇ ಇರಲಿಲ್ಲ. ಪ್ರಯಾಣಿಕರ ಪಟ್ಟಿ ಹಡಗಿನ ಜೊತೆಗೇ ಬರುತ್ತಿತ್ತು. ಹ್ಯಾಂಬರ್ಗ್, ಬ್ರೆಮೆನ್‌ನಂಥ ಬಂದರುಗಳಲ್ಲಿ ಹಡಗು ಕಂಪನಿಯವರೇ ಅದನ್ನು ತುಂಬಿ ಕಳಿಸುತ್ತಿದ್ದರು. ಜರ್ಮನ್ ಹೆಸರು ಬರೆಯೋಕೆ ಹ್ಯಾಂಬರ್ಗಿನವರಿಗೆ ಬರಲ್ವಾ? ಇನ್ಸ್‌ಪೆಕ್ಟರ್ ಆ ಪಟ್ಟಿ ಮುಂದಿಟ್ಟುಕೊಂಡು, ಬೇಕಾದರೆ ದುಭಾಷಿಯನ್ನು ಕರೆದು, ಪ್ರಶ್ನೆ ಕೇಳಿ ಗುರುತು ಹಾಕುತ್ತಿದ್ದ. ಅಷ್ಟೇ. ಹೆಸರು ಬದಲಿಸೋ ಅಧಿಕಾರ ಅವನಿಗಿರಲಿಲ್ಲ. ಬದಲಿಸಿಕೊಂಡವರು ಜಾಸ್ತಿ ಪಾಲು ವಲಸೆ ಬಂದವರೇ. ಕೆಲಸ ಸಿಗಲಿ ಅಂತ, ಶಾಲೆಯಲ್ಲಿ ಮಕ್ಕಳನ್ನು ಯಾರೂ ಆಡಿಕೊಳ್ಳದಿರಲಿ ಅಂತ. 1906ರ ಕಾಯ್ದೆ ಬಂದ ಮೇಲಂತೂ ಪೌರತ್ವ ಪಡೆಯುವಾಗಲೇ ಕೋರ್ಟಿನಲ್ಲಿ ಕೇಳಿ ಬದಲಿಸಿಕೊಳ್ಳಬಹುದಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರು ಇಟ್ಟುಕೊಳ್ಳೋದೇ ಕಷ್ಟವಾಗಿ ಇನ್ನಷ್ಟು ಜನ ಬದಲಿಸಿದರು.

ಈಗ ಹೂವರ್. ಪಾಲಟಿನೇಟಿನ ಆಡುಮಾತಿನಲ್ಲಿ ಪದದ ನಡುವಿನ ಬ-ಕಾರ ವ-ಕಾರದ ಹಾಗೆ ಕೇಳುತ್ತದೆ. ಬರೆಯೋದು ಹೂಬರ್, ಕರೆಯೋದು ಹೂವರ್. 'ವನ'ವನ್ನು 'ಬನ' ಮಾಡಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾ! ಇಂಗ್ಲಿಷ್ ಬಲ್ಲವರು ಕೇಳಿದ್ದನ್ನೇ ಬರೆದರು.

ಆ ಕಾಲದ ಫಿಲಡೆಲ್ಫಿಯಾ ಬಂದರಿನ ಕಾಗದಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1727ರಿಂದ ಅಲ್ಲಿ ಇಳಿದ ಹೊರದೇಶದ ಗಂಡಸರು ಬ್ರಿಟನ್ನಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಕಪ್ತಾನನ ಪಟ್ಟಿಯಲ್ಲಿ ಇಂಗ್ಲಿಷ್ ಕಿವಿಗೆ ಬಿದ್ದ ಹೆಸರು, ಪ್ರಮಾಣದ ಹಾಳೆಯಲ್ಲಿ ಅದೇ ಮನುಷ್ಯನ ಜರ್ಮನ್ ಅಕ್ಷರದ ಸಹಿ. ಬರೆಯಲು ಬಾರದವನು ಗೀಟು ಎಳೆಯುತ್ತಿದ್ದ, ಗುಮಾಸ್ತ ಪಕ್ಕದಲ್ಲಿ ಹೆಸರು ಬರೆಯುತ್ತಿದ್ದ. ಸಿಕ್ಕಿದ ನೋಡಿ ಗುಮಾಸ್ತ ಅಂತ ಕುಣಿಯಬೇಡಿ! ಅವನು ಬರೆದದ್ದನ್ನೇ ಜೀವನಪೂರ್ತಿ ಇಟ್ಟುಕೊಳ್ಳಬೇಕು ಅಂತ ಯಾವ ಕಟ್ಟಳೆಯೂ ಇರಲಿಲ್ಲ.

ಹೂಬರ್ ಅಂದರೆ 'ಹೂಬೆ'ಯನ್ನು ಹಿಡಿದ ರೈತ. ಒಂದು ಸಂಸಾರ ಉತ್ತು ಬದುಕುವಷ್ಟು ಜಮೀನಿಗೆ ಹೂಬೆ ಅನ್ನುತ್ತಿದ್ದರು. ಅಂಥ ರೈತರು ದಕ್ಷಿಣ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ತುಂಬ ಇದ್ದರು. ಹಾಗಾಗಿ ಹೂಬರ್‌ಗಳೆಲ್ಲ ನೆಂಟರಲ್ಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಮುಖ್ಯಸ್ಥರಾಗಿದ್ದ ಎಡ್ಗರ್ ಹೂವರ್‌ಗೂ ಅಧ್ಯಕ್ಷರಿಗೂ ಸಂಬಂಧವಿಲ್ಲ. ಆಂಡ್ರಿಯಾಸ್ ವಂಶ ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ, ಒಹಾಯೊ ದಾಟಿ ಅಯೋವಾದ ವೆಸ್ಟ್ ಬ್ರಾಂಚ್ ಊರಿಗೆ ಬಂತು. ಹರ್ಬರ್ಟ್ ಹುಟ್ಟಿದ್ದು ಅಲ್ಲೇ, 1874ರಲ್ಲಿ.

ಹೂವರ್ ಹೆಸರಿಗೆ ಕೈಹಾಕಿದ ಸರ್ಕಾರದ ಮನುಷ್ಯ ಬೇಕೇ ಬೇಕು ಅಂದರೆ ಒಬ್ಬರಿದ್ದಾರೆ. 1930ರಲ್ಲಿ ಕೊಲೊರಾಡೊ ನದಿಯ ಅಣೆಕಟ್ಟಿಗೆ ಹೂವರ್ ಹೆಸರಿಟ್ಟಿದ್ದರು. ಚುನಾವಣೆ ಸೋತು ಅವರು ಇಳಿದದ್ದೇ ತಡ, 1933ರಲ್ಲಿ ಹೊಸ ಆಂತರಿಕ ಇಲಾಖೆ ಕಾರ್ಯದರ್ಶಿ ಹೆರಾಲ್ಡ್ ಇಕೆಸ್ ಅದನ್ನು ಬೌಲ್ಡರ್ ಡ್ಯಾಮ್ ಅಂತ ಕರೆಸಿದರು. ಹಳೇ ಹೆಸರು ವಾಪಸ್ ಬರೋಕೆ 1947ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ನಿರ್ಣಯವೇ ಆಗಬೇಕಾಯ್ತು.