ಕತ್ತಲಲ್ಲಿ ಕಯಾಕ್: ದೀಪ ಉರಿಯುತ್ತಿದ್ದರೂ ಕಾಣದ ದಿಕ್ಕು

ಲೈಫ್ ಜಾಕೆಟ್ ಬಿಗಿಯುವುದು, ಕಯಾಕ್ (ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ) ಮಗುಚಿದರೆ ಮತ್ತೆ ಹತ್ತುವುದು ಇವೆಲ್ಲ ಹಗಲಿನ ಪಾಠ. ಹಗಲಲ್ಲಿ ಹತ್ತಲು ಬಾರದವರು ರಾತ್ರಿ ನೀರಿಗಿಳಿಯಲೇಬಾರದು. ಈ ಟಿಪ್ಪಣಿ ಬೆಳಕಿನ ಬಗ್ಗೆ ಮಾತ್ರ. ಕೊಡಗಿನ ಹಾರಂಗಿಯಂಥ ಹಿನ್ನೀರಿನಲ್ಲಿ ಕತ್ತಲಾದ ಮೇಲೆ ನಾವು ಬೇರೆಯವರಿಗೆ ಕಾಣಬೇಕು, ನಮ್ಮ ಬೆಳಕು ನಮ್ಮ ಕಣ್ಣನ್ನೇ ಕೆಡಿಸಬಾರದು. ತೊಡಕೆಲ್ಲ ಇರುವುದು ಈ ಎರಡನ್ನೂ ಒಟ್ಟಿಗೆ ಸಾಧಿಸುವುದರಲ್ಲಿ.

ಯಾವ ದೀಪ

ಸಮುದ್ರಯಾನದ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 25ನೆಯದು ಹುಟ್ಟು ಹಾಕುವ ದೋಣಿಗೂ ಅನ್ವಯಿಸುತ್ತದೆ. ಬೇರೆ ದೀಪವಿಲ್ಲದಿದ್ದರೆ ಬಿಳಿ ಬೆಳಕಿನ ಟಾರ್ಚ್ ಕೈಗೆಟುಕುವಂತಿರಬೇಕು, ಡಿಕ್ಕಿ ತಪ್ಪುವಷ್ಟು ಮುಂಚೆ ಅದನ್ನು ತೋರಿಸಬೇಕು. ಕೊಡಗಿನ ಹಿನ್ನೀರಿಗೆಂದು ಬರೆದ ನಿಯಮ ಇದಲ್ಲ, ಆದರೆ ಕನಿಷ್ಠ ಮಟ್ಟ ಯಾವುದೆಂದು ತಿಳಿಯಲು ಸಾಕು. ಟಾರ್ಚ್ ಒಂದನ್ನೇ ನಂಬಬೇಡಿ. ಎರಡೂ ಕೈ ಹುಟ್ಟಿನ ಮೇಲಿರುತ್ತವೆ, ಹಿಂದಿನಿಂದ ಬರುವ ಮೋಟಾರ್ ದೋಣಿ ನಮಗೆ ಕಾಣುವುದಿಲ್ಲ. ಅದಕ್ಕೇ ಸುತ್ತಲೂ ಕಾಣುವ, ಒಂದೇ ಸಮ ಉರಿಯುವ ಬಿಳಿ ದೀಪ ಬೇಕು. ಮಿನುಗುವ ದೀಪ ಬೇಡ. ನೋಡುವವರಿಗೆ ಅದರಿಂದ ದೂರ ಅಂದಾಜಾಗುವುದಿಲ್ಲ. ಅಲ್ಲದೆ ಮಿನುಗನ್ನು ಅಪಾಯದ ಕರೆಗೆಂದೇ ಮೀಸಲಿಡುವುದು ಒಳ್ಳೆಯದು.

ಎಲ್ಲಿ ಕಟ್ಟಬೇಕು: ನಿಧಾನವಾಗಿ ಓದಿ

ದೀಪವನ್ನು ಮುಂದೆ ಕಟ್ಟಿದರೆ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಹಾಗಾಗಿ ಎಲ್ಲರೂ ಹಿಂದೆ ಕಟ್ಟುತ್ತಾರೆ, ಅದೂ ಜಾಕೆಟ್ಟಿನ ಬೆನ್ನಿಗೋ ದೋಣಿಯ ಹಿಂಬದಿಯ ಗಿಡ್ಡ ಕೋಲಿಗೋ. ಪೆಟ್ಟಿಗೆಯ ಮೇಲೆ ‘360 ಡಿಗ್ರಿ’ ಎಂದು ಬರೆದಿರುತ್ತದೆ. ಆದರೆ ದೀಪದ ಮುಂದೆಯೇ ನಮ್ಮ ಮೈ ಕೂತಿದೆ!

ಲೆಕ್ಕ ಸುಲಭ. ಜಾಕೆಟ್ ಹಾಕಿದ ಮೈಯ ಅಗಲ ಸುಮಾರು 50 ಸೆಂ.ಮೀ. ದೀಪ ಬೆನ್ನಿನಿಂದ 1 ಮೀಟರ್ ಹಿಂದಿದೆ ಎನ್ನಿ. 1 ಮೀಟರಿಗೆ 50 ಸೆಂ.ಮೀ. ನೆರಳು, 10 ಮೀಟರಿಗೆ 5 ಮೀಟರ್, 100 ಮೀಟರಿಗೆ 50 ಮೀಟರ್. ಎಂದರೆ 100 ಮೀಟರ್ ದೂರದಲ್ಲಿ ನೇರ ಎದುರಿಗೆ 50 ಮೀಟರ್ ಅಗಲದ ಪಟ್ಟಿಯಲ್ಲಿ ನಾವು ಕಾಣುವುದೇ ಇಲ್ಲ. ಡಿಕ್ಕಿಯಾಗುವ ದೋಣಿ ಬರುವುದೂ ಆ ಪಟ್ಟಿಯಿಂದಲೇ.

ದೀಪವನ್ನು ಇನ್ನೂ ಹಿಂದಕ್ಕೆ, 2 ಮೀಟರಿಗೆ ಸರಿಸಿದರೆ? ನೆರಳು 25 ಮೀಟರಿಗೆ ಇಳಿಯುತ್ತದೆ, ಹೋಗುವುದಿಲ್ಲ. ಭುಜಕ್ಕಿಂತ ಎತ್ತರಿಸಿದರೂ ತಲೆಯ ನೆರಳು ಉಳಿಯುತ್ತದೆ. ನೆರಳು ಪೂರ್ತಿ ಹೋಗಬೇಕಾದರೆ ದೀಪ ನೆತ್ತಿಗಿಂತ ಮೇಲಿರಲೇಬೇಕು, ಬೇರೆ ದಾರಿಯಿಲ್ಲ. ಕೂತಾಗ ನೆತ್ತಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ದೋಣಿಯ ಮೇಲೆಯೇ ಅಳೆಯಿರಿ. ಅದಕ್ಕೆ 20–25 ಸೆಂ.ಮೀ. ಸೇರಿಸಿ ಕೋಲು ಕತ್ತರಿಸಿ. ಹೆಚ್ಚಿನವರಿಗೆ ಇದು ಸುಮಾರು 1.2 ಮೀಟರ್ ಆಗುತ್ತದೆ. ಅರ್ಧ ಇಂಚಿನ ಪಿವಿಸಿ ಪೈಪು ಸಾಕು. ದೋಣಿಯಲ್ಲಿ ಮೀನಿನ ಗಾಳದ ಕೋಲು ಸಿಕ್ಕಿಸುವ ತೂತಿದ್ದರೆ ಅದರಲ್ಲೇ ನಿಲ್ಲಿಸಿ. ಪೈಪಿಗೂ ದೀಪಕ್ಕೂ ಬೇರೆ ಬೇರೆ ದಾರ ಕಟ್ಟಿ, ದಡದ ಬಿದಿರು ತಾಗಿದರೆ ಮೊದಲು ಕಳಚಿಕೊಳ್ಳುವುದು ಅವೇ.

ಇನ್ನೊಂದು ಕೆಲಸ ಬಾಕಿಯಿದೆ. ಎತ್ತರದ ದೀಪ ದೋಣಿಯ ಮೂತಿಯನ್ನು ಬೆಳಗಿಸುತ್ತದೆ, ಆ ಹೊಳಪಿಗೆ ಮುಂದಿನ ನೀರು ಕಪ್ಪಾಗಿಬಿಡುತ್ತದೆ. ದೀಪದ ಅಡಿಗೆ 10 ಸೆಂ.ಮೀ. ವ್ಯಾಸದ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ. ಬಲ್ಬು ಬಿಲ್ಲೆಯಿಂದ 2 ಸೆಂ.ಮೀ. ಮೇಲಿದ್ದರೆ ಕೋಲಿನ ಸುತ್ತ ಸುಮಾರು 3 ಮೀಟರ್ ವರೆಗೆ ಕೆಳಗೆ ಬೆಳಕು ಬೀಳುವುದಿಲ್ಲ, ದೂರಕ್ಕೆ ಮಾತ್ರ ಕಾಣುತ್ತದೆ.

ನೀರಿಗಿಳಿಯುವ ಮುಂಚೆ ದಡದಲ್ಲೇ ಪರೀಕ್ಷಿಸಿ. ನೀವು ದೋಣಿಯಲ್ಲಿ ಹುಟ್ಟು ಹಿಡಿದು ಕೂರಿ. ಜೊತೆಗಾರರು 30 ಹೆಜ್ಜೆ ದೂರದಲ್ಲಿ, ಕೂತವರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಪೂರ್ತಿ ಸುತ್ತು ಬರಲಿ. ಎಲ್ಲಾದರೂ ದೀಪ ಮಾಯವಾದರೆ ಕೋಲು ಗಿಡ್ಡ.

ಹೊಳೆಯುವ ಪಟ್ಟಿ ಮತ್ತು ಹೆಡ್‌ಲ್ಯಾಂಪ್

ಪ್ರತಿಫಲಕ ಪಟ್ಟಿಗೆ ಸ್ವಂತ ಬೆಳಕಿಲ್ಲ, ಬಂದ ಬೆಳಕನ್ನು ಬಂದ ಕಡೆಗೇ ಮರಳಿಸುತ್ತದೆ. ತೆಪ್ಪದಲ್ಲಿರುವವರು ಟಾರ್ಚ್ ಹಾಕಿದರೆ ನೀವು ಕಾಣುತ್ತೀರಿ, ಹಾಕದಿದ್ದರೆ ಇಲ್ಲ. ಹುಟ್ಟಿನ ಎಲೆಗಳಿಗೆ (ಅಗಲ ತುದಿಗಳಿಗೆ) ಅಂಟಿಸುವುದು ಉತ್ತಮ, ಏರಿಳಿಯುವ ಹೊಳಪು ಬೇಗ ಗಮನ ಸೆಳೆಯುತ್ತದೆ. ಆದರೆ ನೀರು ತಳ್ಳುವ ಮುಖ ನಿಮ್ಮ ಕಡೆಗಿರುತ್ತದೆ. ಅದಕ್ಕೆ ದೊಡ್ಡ ಪಟ್ಟಿ ಅಂಟಿಸಿ ಹೆಡ್‌ಲ್ಯಾಂಪ್ ಹೊತ್ತಿಸಿದರೆ ಪ್ರತಿ ಎಳೆತಕ್ಕೂ ಹೊಳಪು ನೇರ ಕಣ್ಣಿಗೆ ಬರುತ್ತದೆ. ದೊಡ್ಡ ಪಟ್ಟಿ ಎದುರಿನವರಿಗೆ ಕಾಣುವ ಮುಖಕ್ಕಿರಲಿ.

ಹೆಡ್‌ಲ್ಯಾಂಪ್ ಆರಿಸಿಡುವುದೇ ವಾಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ನಮ್ಮಲ್ಲಿ ಮುಸ್ಸಂಜೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಷ್ಟೂ ಹೊತ್ತು ಮೊಬೈಲ್ ನೋಡದೆ ಕೂತರೆ ಕತ್ತಲಾಗುವಷ್ಟರಲ್ಲಿ ಕಣ್ಣು ಸಿದ್ಧವಾಗಿರುತ್ತದೆ. ಹತ್ತಿರದ ಕೆಲಸಕ್ಕೆ ಮಂದ ಕೆಂಪು ಬೆಳಕು ಸಾಕು. ಮಂಜು ಕವಿದರೆ ತಲೆಯ ದೀಪ ಬಿಳಿ ಗೋಡೆಯನ್ನಷ್ಟೇ ತೋರಿಸುತ್ತದೆ. ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿಯಿರಿ.

ಜಾಗ

ದುಬಾರೆಯ ಕಡೆ ಕಾಡಂಚಿನ ಕಾವೇರಿ ರಾತ್ರಿ ಬೇಡವೇ ಬೇಡ. ಆನೆಗಳು ಕತ್ತಲಲ್ಲೇ ಹೊಳೆ ದಾಟುತ್ತವೆ, ಎಷ್ಟು ದೊಡ್ಡ ದೀಪವಿದ್ದರೂ ಅಲ್ಲಿ ಉಪಯೋಗವಿಲ್ಲ. ಹೊಳೆಯ ಮೇಲ್ಭಾಗದ ಭಾಗಮಂಡಲದ ಕಡೆ ಮಳೆ ಸುರಿದರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ನೀರು ಏರುತ್ತದೆ. ಹಾರಂಗಿ ಹೊಳೆ ಕಾವೇರಿಯನ್ನು ಕೂಡುವ ಕೂಡಿಗೆಯಿಂದ ಕೆಳಗೆ ಹಾರಂಗಿ ಅಣೆಕಟ್ಟಿನಿಂದ ಬಿಡುವ ನೀರೂ ಸೇರುತ್ತದೆ. ಹಿನ್ನೀರಿಗಾದರೂ ಅನುಮತಿ ಪಡೆದೇ ಇಳಿಯಿರಿ, ಮೀನುಗಾರರನ್ನು ಬಲೆ ಎಲ್ಲಿ ಬಿಟ್ಟಿದ್ದಾರೆಂದು ಸಂಜೆಯೇ ಕೇಳಿ. ಬಾಟಲಿಯ ಬೆಂಡುಗಳು ಕತ್ತಲಲ್ಲಿ ಕಾಣುವುದಿಲ್ಲ. ಹುಟ್ಟು ಸಿಕ್ಕಿಕೊಂಡರೆ ಜಗ್ಗಬೇಡಿ, ಜಗ್ಗಿದ ಕಡೆಗೇ ದೋಣಿ ಮಗುಚುತ್ತದೆ. ಹುಟ್ಟನ್ನು ಸಡಿಲ ಬಿಟ್ಟು, ದೋಣಿಯನ್ನು ಹಿಂದಕ್ಕೆ ಸರಿಸಿ ಬಿಡಿಸಿ.

ಸೀಟಿ ಜಾಕೆಟ್ಟಿಗೆ ಕಟ್ಟಿರಲಿ, ಮೂರು ಊದು ಎಂದರೆ ಸಹಾಯ ಬೇಕು ಎಂದರ್ಥ. ನೆಟ್‌ವರ್ಕ್ ಎಲ್ಲೆಡೆ ಸಿಗದು. ಅದಕ್ಕೇ ದಡದಲ್ಲಿ ಒಬ್ಬರಿಗೆ ಮರಳುವ ಹೊತ್ತನ್ನು ತಿಳಿಸಿಡಿ, ಆ ಹೊತ್ತು ಮೀರಿ ಅರ್ಧ ಗಂಟೆಯಾದರೂ ದೀಪ ಕಾಣದಿದ್ದರೆ ಅವರು 112ಕ್ಕೆ ಕರೆ ಮಾಡಲಿ.